ಏನೂ ಹಾಕದ ನಾಲ್ಕು ಸಾಲು

ಹಾಲೆಂಡಿಗೆ ಹೋಗಿ ಬಂದದ್ದನ್ನು ಬರೆಯಿರಿ ಎಂದು ಜನ ನನಗೆ ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ. ಪ್ರತಿ ಸಲ ಒಂದು ನೆಪ ಹೇಳಿದೆ. ಮೊದಲು ತೋಟದಲ್ಲಿ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಿದೆ ಅಂದೆ. ಆಮೇಲೆ ಕಣ್ಣಿಗೆ ಪೊರೆ ಬಂದಿದೆ ಅಂದೆ. ಪೊರೆ ತೆಗೆಸಿದ ಮೇಲೆ ಪೆನ್ನು ಸರಿಯಿಲ್ಲ ಅಂದೆ. ಬಾಯಿಂದ ಹೇಳುವುದಕ್ಕೇನೂ ಕಡಿಮೆ ಮಾಡಿಲ್ಲ. ಚಹಾದಂಗಡಿಯಲ್ಲಿ ಕೂತು ಅಲ್ಲಿಯ ಸೈಕಲ್ಲು, ಅಲ್ಲಿಯ ಹಾಲು, ನನ್ನ ಧೋತರ ನೋಡಿ ಬೊಗಳುವುದನ್ನೂ ಮರೆತು ನಿಂತ ನಾಯಿ, ಎಲ್ಲವನ್ನೂ ನೂರು ಸಲ ಹೇಳಿದ್ದೇನೆ. ಆದರೆ ಐದನೆಯ ದಿನಕ್ಕೆ ಬರುತ್ತಲೇ "ಹೊತ್ತಾತು ನಡೀರಿ" ಎಂದು ಟೊಪ್ಪಿಗೆ ಸರಿಮಾಡಿಕೊಂಡು ಎದ್ದಿದ್ದೇನೆ. ಐದನೆಯ ದಿನ ಏನಾಯಿತು ಎಂಬುದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಆಕೆ ಹೋಗಿಬಿಟ್ಟಳು. ಇನ್ನು ನಾನೂ ಹೋಗುವ ಮೊದಲು ಬರೆದಿಡಬೇಕು.

ಇನ್ನೊಂದು ಮಾತು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಮ್ಯಾಟ್ರಿಕ್ ಓದಿದವನು. ನಮ್ಮ ಊರಿನಲ್ಲಿ ಸರಕಾರಕ್ಕೆ ಹೇಗೆ ಬರೆಯಬೇಕೆಂದು ತಿಳಿದವನು ಆಗ ನಾನೊಬ್ಬನೇ. ಹಾಗಾಗಿ ಊರಿನ ಮೂಕರ್ಜಿಗಳೆಲ್ಲ, ಅಂದರೆ ಸಹಿ ಇಲ್ಲದ ದೂರುಗಳೆಲ್ಲ, ನನ್ನ ಕೈಯಿಂದಲೇ ಹೊರಡುತ್ತಿದ್ದವು. ತಲಾಠಿಯ ಮೇಲೆ, ಮಾಸ್ತರನ ಮೇಲೆ, ಒಮ್ಮೆ ಸ್ವಂತ ಬೀಗರ ಮೇಲೆ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಿಂದ ಬರೆಯುತ್ತಿದ್ದೆ. ಕೊನೆಗೆ "ಇಂತಿ, ನೊಂದ ಗ್ರಾಮಸ್ಥರು" ಎಂದು ಮುಗಿಸುತ್ತಿದ್ದೆ. ನೊಂದವರು ಬೇರೆ ಯಾರೂ ಇರುತ್ತಿರಲಿಲ್ಲ. ನಾನೇ ಎಲ್ಲರ ಪರವಾಗಿ ನೋಯುತ್ತಿದ್ದೆ.

ಹೊರಡುವ ಮೊದಲು: ಕಾಗವಾಡ ರಸ್ತೆ

ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಗೆ ಹೊಂದಿ ನಮ್ಮ ದ್ರಾಕ್ಷಿ ತೋಟ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ಬಸ್ಸಿನಿಂದ ಒಬ್ಬ ಹುಡುಗಿ ಇಳಿದಳು. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಕೈಯಲ್ಲಿ ತೂಕದ ಕಾಟಾ. ಭೋಜ ಎಂಬ ಊರಿನವಳು. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಆಡು. ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಬೇವಿನ ಹಿಂಡಿಯನ್ನು ಸಗಣಿ ಗೊಬ್ಬರದಲ್ಲಿ ಕೊಳೆಸಿ ದ್ರಾಕ್ಷಿಗೆ ಹಾಕಿದರೆ ಚೀಲದ ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಬೇಕಾಗುತ್ತದೋ ಇಲ್ಲವೋ ಎಂದು ನೋಡುವುದು ಆಕೆಯ ಕೆಲಸ. ಎಂಟು ಸಾಲು ಕೇಳಿದಳು. ನಾಲ್ಕಕ್ಕೆ ಹಿಂಡಿ, ನಾಲ್ಕಕ್ಕೆ ಏನೂ ಇಲ್ಲ.

"ಏನೂ ಹಾಕದ ಆ ನಾಲ್ಕು ಸಾಲ ಯಾಕ ಕೆಡಸ್ತಿಯವಾ?" ಎಂದು ಕೇಳಿದೆ.

"ಕಾಕಾ, ಉಪವಾಸ ಇದ್ದಾಂವ ಒಬ್ಬ ಮಗ್ಗಲ್ದಾಗ ನಿಂತ್ರಽ ಅಲ್ರಿ, ಉಂಡಾಂವ ಎಷ್ಟ ದಪ್ಪ ಆಗ್ಯಾನ ಅಂತ ತಿಳಿಯೂದು?" ಅಂದಳು.

ಮಾತು ಹಿಡಿಸಿತು. ಕೊಟ್ಟೆ. ಆದರೆ ಆಕೆ ಚೀಟಿ ಎತ್ತಿ ಸಾಲು ಆರಿಸಿದಳು, ಹಾಗೇ ಆರಿಸಬೇಕಂತೆ. ಚೀಟಿಯ ಪ್ರಕಾರ ಉಪವಾಸದ ನಾಲ್ಕು ಸಾಲು ಬಂದದ್ದು ಸರಿಯಾಗಿ ರಸ್ತೆಯ ಮಗ್ಗುಲಿಗೆ.

ಚಾಟಣಿ ಆಗಿ ತಿಂಗಳು ಕಳೆಯಿತು. ಒಳಗಿನ ಸಾಲು ಕಪ್ಪು ಹಸಿರು ಹೊಡೆಯುತ್ತಿದ್ದರೆ ರಸ್ತೆಯ ಸಾಲು ಹಳದಿ ಬಿದ್ದವು. ಆ ರಸ್ತೆಯಲ್ಲಿ ಹಾಯುವ ಪ್ರತಿ ಗಾಡಿ, ಪ್ರತಿ ಸೈಕಲ್ಲು ನಿಲ್ಲತೊಡಗಿತು. ಪಕ್ಕದ ತೋಟದ ಸಿದ್ರಾಮನಿಗಂತೂ ದಿನಾ ಹಬ್ಬ.

"ಏನ್ರಿ ಗೌಡ್ರ, ದ್ರಾಕ್ಷಿಗಿ ಕಾಮಣಿ ಆಗೈತೇನ್ರಿ? ಬೆನ್ನಿಗಿ ಬರಿ ಕೊಡಸ್ರಿ."

"ಲೇ ಸಿದ್ಯಾ, ಅದು ಪ್ರಯೋಗಲೇ."

"ಹೌದೇನ್ರಿ? ನಮ್ಮ ಅಜ್ಜ ಸಾಯುಮುಂದ ಡಾಕ್ಟರೂ ಹಂಗಽ ಅಂದಿದ್ದ."

ಹುಡುಗಿ ಪಂಚಮಿಗೆ ಊರಿಗೆ ಹೋಗಿದ್ದರೆ ಈ ಕಥೆ ಬೇರೆ ಆಗುತ್ತಿತ್ತು. ದೀಪಾವಳಿಗೆ ಹೋದಳು. ಬಳ್ಳಿಯ ಹಸಿವು ಅದೇ ಹೊತ್ತಿನಲ್ಲಿ ಹೆಚ್ಚು. ಆಕೆ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಾನು ಬುಟ್ಟಿಯಲ್ಲಿ ಸರಕಾರಿ ಗೊಬ್ಬರ ತುಂಬಿಕೊಂಡು ಆ ನಾಲ್ಕು ಸಾಲಿಗೆ ಇಳಿದೆ. ಬಳ್ಳಿಗೆ ಎರಡೆರಡು ಹಿಡಿ. ಬುತ್ತಿ ತಂದ ನನ್ನ ಹೆಂಡತಿ ನೋಡಿಯೇ ಬಿಟ್ಟಳು.

"ಆ ಹುಡುಗಿ ಬ್ಯಾಡ ಅಂದಾಳಲ್ರಿ?"

"ಬಳ್ಳಿ ಉಪವಾಸ ಸಾಯಾಕತ್ತಾವ."

"ಬಳ್ಳಿ ಅಲ್ರಿ. ನಿಮ್ಮ ಮೀಸಿ ಉಪವಾಸ ಐತಿ," ಅಂದಳು. ಬುತ್ತಿ ಇಟ್ಟು ಹೋದಳು. ಸಂಕ್ರಾಂತಿಗೆ ಹುಡುಗಿ ಊರಿಗೆ ಹೋದಾಗ ಇನ್ನೊಂದು ಸಲ ಹಾಕಿದೆ.

ಹಣ್ಣು ಕೊಯ್ದಾಗ ಆಕೆ ಒಂದೊಂದು ಗೊನೆ ತೂಗಿದಳು. ಉಪವಾಸದ ಸಾಲು ಉಂಡ ಸಾಲಿಗಿಂತ ಹೆಚ್ಚು ತೂಗಿತು. ಮತ್ತೆ ತೂಗಿದಳು. ಕಾಟಾ ಕೆಟ್ಟಿದೆಯೆಂದು ಕಿರಾಣಿ ಅಂಗಡಿಯಿಂದ ಬೇರೆ ತಕ್ಕಡಿ ತಂದು ಮೂರನೆಯ ಸಲ ತೂಗಿದಳು. ಆಮೇಲೆ ಬದುವಿನ ಮೇಲೆ ಕೂತು ಅಂದಳು: "ಕಾಕಾ, ನನ್ನ ಹಿಂಡಿ ಕೆಲಸ ಮಾಡಲಿಲ್ರಿ."

"ಹೋಗ್ಲಿ ಬಿಡವಾ. ಬೇವು ಎಷ್ಟಂದ್ರೂ ಕಹಿ," ಅಂದೆ ನಾನು. ಇಂಥ ಮಾತುಗಳು ಆಗ ನನಗೆ ಬಹಳ ಬರುತ್ತಿದ್ದವು.

ಕೆಲಸ ಮಾಡಲಿಲ್ಲ ಎಂದೇ ಆಕೆ ಬರೆದಳು. ಅಂಕಿ ತಿದ್ದುವವರು ಇರುತ್ತಾರೆ. ಆಕೆ ತಿದ್ದಲಿಲ್ಲ. ಆ ಬರಹದ ಮೇಲೆಯೇ ಆಕೆಗೆ ಹಾಲೆಂಡಿನ ಒಂದು ಶಿಬಿರಕ್ಕೆ ಕರೆ ಬಂತು. ಡಾಕ್ಟರೇಟಿಗೆ ಓದುವ ಬೇರೆ ಬೇರೆ ದೇಶದ ಹುಡುಗರಿಗೆ ಹತ್ತು ದಿನ ಎರಡು ವಿದ್ಯೆ ಕಲಿಸುತ್ತಾರಂತೆ: ತಾವು ಮಾಡಿದ್ದನ್ನು ಮಂದಿಗೆ ತಿಳಿಯುವ ಹಾಗೆ ಹೇಳುವುದು, ಇನ್ನೊಬ್ಬರು ಬರೆದದ್ದನ್ನು ತೂಗಿ ನೋಡುವುದು. ಯಾರ ಹೊಲದಲ್ಲಿ ಪ್ರಯೋಗ ಆಯಿತೋ ಆ ರೈತನನ್ನೂ ಕರೆತರಬಹುದಿತ್ತು. ಖರ್ಚು ಅವರದೇ.

"ನಿಮ್ಮ ಬಗ್ಗೆ ಬರದ ಕಳಿಸೇನ್ರಿ ಕಾಕಾ. ಇಷ್ಟ ಪ್ರಾಮಾಣಿಕ ಮನಷ್ಯಾ ಸಿಗೂದಿಲ್ಲ ಅಂತ."

ಆಕೆಯ ಪಾಲಿಗೆ ಈ ಶಿಬಿರ ಆಟವಾಗಿರಲಿಲ್ಲ. ಅಲ್ಲಿಯ ಜತೆಗಾರರು ಬರಹವನ್ನು ತೂಗಿ ಸರಿ ಎಂದರೆ ಅದು ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗುವುದು. ಅಚ್ಚಾದರೆ ಮಾತ್ರ ಪ್ರಬಂಧ ಒಪ್ಪಿಸಲು ಬಿಡುವೆನೆಂದು ಆಕೆಯ ಗುರುಗಳು ಹೇಳಿದ್ದರು. ಭೋಜದಲ್ಲಿ ಅಪ್ಪ ಬೇರೆ, "ಎರಡ ವರ್ಸ ದ್ರಾಕ್ಷಿ ಎಣಿಸಿದಿ, ಇದೊಂದ ವರ್ಸ ನೋಡ್ತೀನಿ, ಆಮ್ಯಾಲ ಮದಿವಿ" ಎಂದು ಕೂತಿದ್ದ.

ಇಷ್ಟೆಲ್ಲ ಗೊತ್ತಿದ್ದೂ ನಾನು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಹೊಸ ಟೊಪ್ಪಿಗೆ ಹೊಲಿಸಿದೆ.

ಮುಂಬಯಿ ಮತ್ತು ಮೋಡದ ಮೇಲೆ

ಮುಂಬಯಿಯಲ್ಲಿ ವಿಮಾನ ಹತ್ತಿದೆವು. ವಿಮಾನದ ಬಗ್ಗೆ ಬರೆಯುವವರು ಕಿಟಕಿಯ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಎಡಕ್ಕೆ ಹುಡುಗಿ, ಬಲಕ್ಕೆ ಕೋಟು ಹಾಕಿದ ಒಬ್ಬ ಗೃಹಸ್ಥ. ಬೆಲ್ಟನ್ನು ಧೋತರದ ಗಂಟಿನ ಮೇಲೆ ಬಿಗಿದುಕೊಂಡೆ. ಬಿಚ್ಚುವಾಗ ಎರಡೂ ಒಟ್ಟಿಗೆ ಬಿಚ್ಚಿಕೊಂಡವು. ಗೃಹಸ್ಥ ಆ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಮೋಡ ನೋಡಿದ.

ಹಸಿವಾದಾಗ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಬೆಳ್ಳುಳ್ಳಿಯ ವಾಸನೆ ಐದಾರು ಸಾಲು ಮುಂದಕ್ಕೆ ಹೋಯಿತು. ಗಗನಸಖಿ ಬಂದಳು, ಮೂಗು ಮುಚ್ಚಲಿಕ್ಕೆ ಅಂದುಕೊಂಡೆ. ರುಚಿ ನೋಡಬಹುದೇ ಎಂದು ಕೇಳಿದಳು. ನೋಡಿದಳು. ಆಮೇಲೆ ಎಷ್ಟು ನೀರು ಕುಡಿದಳೆಂದರೆ ಉಳಿದವರಿಗೆ ಸಾಕಾಗಿರಲಿಕ್ಕಿಲ್ಲ.

ಹುಡುಗಿ ದಾರಿಯುದ್ದಕ್ಕೂ ತನ್ನ ಬರಹವನ್ನು ಬಾಯಲ್ಲಿ ಗುಣುಗುತ್ತಿದ್ದಳು. ಒಮ್ಮೆ ತಲೆಯೆತ್ತಿ ಕೇಳಿದಳು: "ಕಾಕಾ, ಆ ನಾಲ್ಕ ಸಾಲ ಯಾಕ ಅಷ್ಟ ಛಲೋ ಬಂದ್ವು ಅಂತ ಕೇಳಿದ್ರ ಏನ್ ಹೇಳಲ್ರಿ?"

"ಭೂಮಿತಾಯಿ ಕೃಪಾ ಅಂತ ಹೇಳವಾ," ಅಂದೆ. ಆಕೆ ಅದನ್ನು ಬರೆದುಕೊಳ್ಳಲಿಲ್ಲ.

ಮೊದಲ ದಿನ: ಒಂದೇ ಬಿಸ್ಕಿಟು

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಊರಿನಲ್ಲಿ, ಒಬ್ಬ ವಿಧವೆ ಮುದುಕಿಯ ಮನೆಯಲ್ಲಿ. ಜೂನ್ ತಿಂಗಳು. ಬೇಸಗೆ ಎಂದು ಅವರು ಹೇಳುತ್ತಿದ್ದರು. ನಾನು ಧೋತರದ ಒಳಗೆ ಎರಡು ಪಾಯಿಜಾಮ ಹಾಕಿಕೊಂಡು ಅವರ ಮಾತು ಒಪ್ಪಿಕೊಂಡೆ. ಮನೆಯ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ನಾನು ಬಾವಿಗೆ ಇಳಿಯುವವನ ಹಾಗೆ ಬೆನ್ನು ಹಿಂದೆ ಮಾಡಿ ಇಳಿಯುತ್ತಿದ್ದೆ.

ಮುದುಕಿ ಕಾಫಿ ಕೊಟ್ಟಳು. ಒಂದು ತಗಡಿನ ಡಬ್ಬಿ ತೆಗೆದು ಮುಂದೆ ಹಿಡಿದಳು. ಒಂದು ಬಿಸ್ಕಿಟು ತೆಗೆದುಕೊಂಡೆ. ಡಬ್ಬಿ ಟಪ್ಪೆಂದು ಮುಚ್ಚಿತು, ಕಪಾಟಿಗೆ ಹೋಯಿತು. ನಮ್ಮಲ್ಲಿ ಅತಿಥಿ ಮೂರು ಸಲ ಬೇಡ ಅಂದರೂ ನಾಲ್ಕನೆಯ ಹೋಳಿಗೆ ತಾಟಿಗೆ ಬೀಳುತ್ತದೆ. ಇಲ್ಲಿ ಬೇಡ ಎಂದು ಒಂದು ಸಲ ಹೇಳಿದರೆ ಮುಗಿಯಿತು, ನಂಬಿಬಿಡುತ್ತಾರೆ. ಮುಂಜಾನೆ ರೊಟ್ಟಿಯ ಮೇಲೆ ಕರಿಯ ಸಣ್ಣ ಕಾಳು ಉದುರಿಸಿ ಕೊಟ್ಟಳು. ಇಲಿ ಓಡಾಡಿ ಹೋದ ಗುರುತೆಂದು ತಿಳಿದು ನಾನು ಒಂದೊಂದೇ ಆರಿಸಿ ತಟ್ಟೆಯ ಅಂಚಿಗೆ ಇಟ್ಟೆ. ಅದು ಚಾಕಲೇಟು ಎಂದು ಹುಡುಗಿ ಹೇಳುವ ಹೊತ್ತಿಗೆ ಮುದುಕಿಯ ಮುಖ ಕೆಂಪಾಗಿತ್ತು.

ಮುದುಕಿ ಇದ್ದದ್ದನ್ನು ಇದ್ದ ಹಾಗೇ ಹೇಳುವವಳು. ಹುಡುಗಿ ನನಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು: "ಕಾಕಾ, ನಿಮ್ಮ ಟೊಪಗಿ ನಾರತೈತಿ ಅಂತ. ಒಗೀರಿ ಅನ್ನಾಕತ್ತಾರ." ಮೊದಲು ಸಿಟ್ಟು ಬಂತು. ಆಮೇಲೆ ಒಗೆದೆ. ನಾರುತ್ತಿದ್ದದ್ದು ನಿಜ. ಆಕೆ ತಂಬಾಕು ಸುರುಳಿ ಸುತ್ತಿ ಸೇದುತ್ತಿದ್ದಳು. ನಾನು ನಿಪ್ಪಾಣಿಯ ತಂಬಾಕಿಗೆ ಸುಣ್ಣ ತಿಕ್ಕಿ ಒಂದು ಚಿಟಿಕೆ ಕೊಟ್ಟೆ. ಕಣ್ಣಲ್ಲಿ ನೀರು ತಂದುಕೊಂಡು ಆಕೆ ಏನೋ ಅಂದಳು. "ಇದು ಕೆಟ್ಟ ಐತಿ, ಇನ್ನೊಂದೀಟ ಕೊಡ್ರಿ ಅಂತ," ಎಂದಳು ಹುಡುಗಿ. ಅಂದಿನಿಂದ ಬಿಸ್ಕಿಟು ಎರಡಾಯಿತು.

ಆ ಊರಿನಲ್ಲಿ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಊಟದ ಮೇಜು, ದೀಪ, ಜಗಳ ಎಲ್ಲ ಕಾಣುತ್ತದೆ. ಯಾರೂ ನೋಡುವುದಿಲ್ಲ. ನಾನೊಬ್ಬ ನಿಂತು ನೋಡುತ್ತಿದ್ದೆ. ಬಚ್ಚಿಡಲು ಏನೂ ಇಲ್ಲವೆಂದು ತೋರಿಸುವ ಪದ್ಧತಿ ಅದು ಎಂದು ಹುಡುಗಿ ಹೇಳಿದಳು. ಆಮೇಲೆ ನಾನು ನೋಡುವುದನ್ನು ಬಿಟ್ಟೆ.

ಮೂರನೆಯ ದಿನ: ಆಕಳಿಕೆ

ಶಿಬಿರದಲ್ಲಿ ಹದಿನೈದು ಹುಡುಗ ಹುಡುಗಿಯರು, ನಾಲ್ಕು ಜನ ರೈತರು. ನಡೆಸುವವರು ಒಬ್ಬ ಬಿಳಿ ಗಡ್ಡದ ಮಾಸ್ತರರು. ರೈತರ ಕೆಲಸ ಏನೆಂದರೆ ಕೇಳುವುದು. ಪ್ರತಿ ಹುಡುಗ ತನ್ನ ಎರಡು ಮೂರು ವರ್ಷದ ದುಡಿಮೆಯನ್ನು ಮೂರು ನಿಮಿಷದಲ್ಲಿ ನಮಗೆ ತಿಳಿಸಬೇಕು. ಅವರ ಇಂಗ್ಲಿಷು ನನ್ನ ಮ್ಯಾಟ್ರಿಕ್ಕಿಗೆ ನಿಲುಕುತ್ತಿರಲಿಲ್ಲ, ಹುಡುಗಿ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ರೈತ ಆಕಳಿಸಿದರೆ ಮಾಸ್ತರರು ಗಂಟೆ ಬಾರಿಸುತ್ತಾರೆ. ಮತ್ತೆ ಮೊದಲಿನಿಂದ.

ನನ್ನ ಜೀವನದಲ್ಲಿ ನನ್ನ ಆಕಳಿಕೆಗೆ ಅಷ್ಟು ಬೆಲೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತರ ಮೇಲೆ. ದೀಪ ಹಚ್ಚಿ ಉಣ್ಣಬೇಕೆಂದು ಕಾಯ್ದು ಕಾಯ್ದು ನನಗೆ ಊಟವೂ ಇಲ್ಲ, ನಿದ್ದೆಯೂ ಇಲ್ಲ. ಹಾಗಾಗಿ ಆ ದಿನ ಏಳು ಜನ ಭಾವೀ ಡಾಕ್ಟರರು ನನ್ನ ಬಾಯಿಗೆ ಬಲಿಯಾದರು. ಯಾನ್ ಎಂಬ ಉದ್ದನೆಯ ಹುಡುಗ, ಅದೇ ದೇಶದವನು, ಮಣ್ಣಿನ ಉಪ್ಪಿನ ಬಗ್ಗೆ ಹೇಳಲು ನಿಂತ. ಮೂರು ಸಲ ಗಂಟೆ ಬಿತ್ತು. ನಾಲ್ಕನೆಯ ಸಲ ಅವನು ಕಾಗದ ಮಡಚಿಟ್ಟು, ತನ್ನ ಅಜ್ಜ ಸಮುದ್ರದ ನೀರು ಕುಡಿದು ವಾಂತಿ ಮಾಡಿಕೊಂಡ ಕಥೆಯಿಂದ ಶುರು ಮಾಡಿದ. ಗಿಡಕ್ಕೂ ಹಾಗೇ ಆಗುತ್ತದೆ ಅಂದ. ನಾನು ಆಕಳಿಸಲಿಲ್ಲ. ಅವನು ಬಂದು ನನ್ನ ಕೈ ಕುಲುಕಿದ.

ನಮ್ಮ ಹುಡುಗಿಗೆ ಒಂದೂ ಗಂಟೆ ಬೀಳಲಿಲ್ಲ. ಉಪವಾಸದವನು, ಉಂಡವನು ಎಂದು ಆಕೆ ನನಗೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಸೋತ ಪ್ರಯೋಗವನ್ನು ಅಷ್ಟು ಚೆಂದ ಹೇಳಿದವರನ್ನು ತಾನು ಕಂಡಿಲ್ಲ ಎಂದರಂತೆ ಮಾಸ್ತರರು.

ಮಧ್ಯಾಹ್ನ ಅವರು ಇನ್ನೊಬ್ಬರ ಬರಹ ತೂಗುವ ಕ್ರಮ ಹೇಳಿಕೊಟ್ಟರು. ಮೊದಲು ಏನು ಚೆನ್ನಾಗಿದೆ ಹೇಳು. ಆಮೇಲೆ ಏನು ತಿಳಿಯಲಿಲ್ಲ ಕೇಳು. ಕೊನೆಗೆ ತಪ್ಪು ಎಲ್ಲಿದೆ ತೋರಿಸು. ಬರಹದ ಬಗ್ಗೆ ಮಾತಾಡು, ಮನುಷ್ಯನ ಬಗ್ಗೆ ಬೇಡ. ತೂಗುವವನು ಹೆಸರು ಹಾಕಬೇಕಾಗಿಲ್ಲ.

ಹೆಸರು ಹಾಕಬೇಕಾಗಿಲ್ಲ ಎಂದು ಕೇಳಿದ್ದೇ ನಾನು ನೆಟ್ಟಗೆ ಕೂತೆ. "ಅಂದ್ರ ಮೂಕರ್ಜಿ!"

"ಅಲ್ರಿ ಕಾಕಾ," ಹುಡುಗಿ ನಕ್ಕಳು. "ಮೂಕರ್ಜಿ ಮನಷ್ಯಾನ್ನ ಕೆಡವಾಕ. ಇದು ಕೆಲಸ ನೆಟ್ಟಗ ಮಾಡಾಕ."

ಮೂವತ್ತು ವರ್ಷ ಆ ಕಸಬು ಮಾಡಿದವನಿಗೆ ಅದರ ಮರ್ಮವನ್ನು ಇಪ್ಪತ್ತಾರರ ಹುಡುಗಿ ಹೇಳಿಕೊಡಬೇಕಾಯಿತು.

ನಾಲ್ಕನೆಯ ದಿನ: ಬೋರ್ಡು

ನಮ್ಮನ್ನು ಒಬ್ಬ ರೈತನ ಬಟಾಟೆ ಹೊಲಕ್ಕೆ ಕರೆದೊಯ್ದರು. ದಾರಿಯಲ್ಲಿ ನಾನು ಸೈಕಲ್ಲಿನ ರಸ್ತೆಯಲ್ಲಿ ನಡೆದು, ಗಂಟೆ ಬಾರಿಸಿದ ಅಜ್ಜಿಯೊಬ್ಬಳಿಗೆ ದೇವರ ಗಂಟೆಯೆಂಬಂತೆ ಕೈಮುಗಿದು ಅಲ್ಲೇ ನಿಂತದ್ದರಿಂದ ಆಕೆ ಹುಲ್ಲಿಗೆ ಬಿದ್ದದ್ದು ಬೇರೆ ಮಾತು. ಪೆಟ್ಟಾಗಲಿಲ್ಲ. ಬೈದಳು, ಸ್ಪಷ್ಟವಾಗಿ.

ಆ ಹೊಲ ರಸ್ತೆಗೆ ಹೊಂದಿಕೊಂಡಿತ್ತು. ಒಳಗೆಲ್ಲ ದಟ್ಟ ಹಸಿರು. ರಸ್ತೆಯ ಮಗ್ಗುಲಿಗೇ ನಾಲ್ಕು ಸಾಲು ಹಳದಿ, ಬಡಕಲು. ಆ ಸಾಲಿನ ಮುಂದೆ ಒಂದು ಬೋರ್ಡು ನೆಟ್ಟಿತ್ತು.

"ಏನ್ ಬರದಾರವಾ?"

"ಇವಕ್ಕ ಗೊಬ್ಬರ ಹಾಕಿಲ್ಲ, ಪ್ರಯೋಗ ನಡದೈತಿ ಅಂತ ಐತ್ರಿ."

ರೈತ ಬಂದ. ಹುಡುಗಿಯ ಮೂಲಕ ಕೇಳಿಸಿದೆ: ಹಾದು ಹೋಗುವ ಮಂದಿ ನಗುವುದಿಲ್ಲವೇ? ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಹುಡುಗಿ ಎರಡು ಸಲ ಬಿಡಿಸಿ ಹೇಳಿದಳು. ಕೊನೆಗೆ ಅವನು ಬೋರ್ಡಿನ ಕಡೆಗೆ ಬೆರಳು ಮಾಡಿದ.

"ಬೋರ್ಡ ಐತಲ್ಲ ಅನ್ನಾಕತ್ತಾನ್ರಿ," ಅಂದಳು ಹುಡುಗಿ. ಆಮೇಲೆ ಆಕೆಯೇ ನನ್ನ ಮುಖ ನೋಡಿ ಕೇಳಿದಳು: "ಯಾಕ್ರಿ ಕಾಕಾ? ನಮ್ಮ ಸಾಲ ನೋಡಿ ಯಾರರ ನಕ್ಕಿದ್ರೇನು?"

"ಯಾರ್ ನಗ್ತಾರವಾ," ಅಂದೆ.

ಒಂದು ಹಲಗೆ, ಒಂದಿಷ್ಟು ಸುಣ್ಣ. ನನ್ನ ಬರವಣಿಗೆ ಊರಲ್ಲೇ ಹೆಸರಾದದ್ದು. ಬೋರ್ಡು ಬರೆಯಬೇಕೆಂದು ನನಗೇಕೆ ಹೊಳೆಯಲಿಲ್ಲ? ದೂರು ಬರೆಯಲು ಹೊಳೆಯುತ್ತಿತ್ತು.

ಐದನೆಯ ದಿನ

ಎಲ್ಲರ ಬರಹಗಳನ್ನು ಎಲ್ಲರೂ ಓದಿ ಬಂದಿದ್ದರು. ಆ ದಿನ ಒಬ್ಬೊಬ್ಬರೇ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಮ್ಮ ಹುಡುಗಿ ಹಸಿರು ಸೀರೆ ಉಟ್ಟು ನಿಂತಳು. ನಾನು ಮೊದಲ ಸಾಲಿನಲ್ಲಿ ಒಗೆದ ಟೊಪ್ಪಿಗೆ ಹಾಕಿ ಕೂತಿದ್ದೆ.

ಯಾನ್ ಎದ್ದ. ಕ್ರಮ ತಪ್ಪದೆ ಮೊದಲು ಹೊಗಳಿದ. ಆಮೇಲೆ ಒಂದು ಹಾಳೆ ಎತ್ತಿ ಹಿಡಿದು ಏನೋ ಕೇಳಿದ. ಹುಡುಗಿ ಉತ್ತರ ಕೊಟ್ಟಳು. ಅವನು ತಲೆಯಾಡಿಸಿ ಮತ್ತೆ ಕೇಳಿದ. ಇನ್ನೊಬ್ಬಳು ಎದ್ದಳು. ಹುಡುಗಿಯ ದನಿ ಗಟ್ಟಿಯಾಯಿತು. ಒಂದೂ ಮಾತು ತಿಳಿಯದಿದ್ದರೂ ಯಾವ ಸಾಲಿನ ಬಗ್ಗೆ ಮಾತು ನಡೆದಿದೆಯೆಂದು ನನಗೆ ತಿಳಿಯಿತು.

ಆಕೆ ನನ್ನ ಕಡೆ ತಿರುಗಿದಳು. ಇಡೀ ಕೋಣೆ ನನ್ನ ಕಡೆ ತಿರುಗಿತು.

"ಕಾಕಾ, ಇವರೇನಂತಾರಂದ್ರ, ಗೊಬ್ಬರ ಇಲ್ಲದ ಬಳ್ಳಿ ಅಷ್ಟ ಹಣ್ಣ ಕೊಡಾಕ ಆಗೂದಽ ಇಲ್ಲ ಅಂತ. ಯಾರೋ ಹಾಕ್ಯಾರ ಅಂತ. ನಾ ಹೇಳೇನಿ, ನಮ್ಮ ಕಾಕಾ ಅಂಥಾವ್ರಲ್ಲ ಅಂತ. ಆದ್ರೂ ನಿಮ್ಮ ಬಾಯಲೇ ಕೇಳಬೇಕಂತ." ಉಸಿರು ತೆಗೆದುಕೊಂಡಳು. "ಆ ನಾಲ್ಕ ಸಾಲಿಗಿ ನೀವು ಏನರ ಹಾಕಿದ್ರೇನ್ರಿ?"

ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಸಿದ್ರಾಮ ಏಳು ಸಮುದ್ರದ ಆಚೆ ಇದ್ದ. "ಹೌದವಾ, ಹಾಕೇನಿ" ಎಂದರೆ ಎರಡು ಶಬ್ದ. ಅದನ್ನು ಇಂಗ್ಲಿಷಿಗೆ ತಿರುಗಿಸುವವಳೂ ಆಕೆಯೇ. ಹೇಳಿದ್ದರೂ ಆ ಪ್ರಯೋಗವನ್ನು ಮತ್ತೆ ಮಾಡುವುದು ತಪ್ಪುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಸೋತದ್ದು ಆಕೆಯ ಹಿಂಡಿಯಲ್ಲ, ತಪ್ಪು ಆಕೆಯದಲ್ಲ ಎಂದು ಆ ಕೋಣೆಗೆ ತಿಳಿಯುತ್ತಿತ್ತು.

"ಇಲ್ಲವಾ. ಏನೂ ಹಾಕಿಲ್ಲ," ಅಂದೆ.

ಆಕೆ ತಿರುಗಿ, ತಲೆಯೆತ್ತಿ, ನನ್ನ ಸುಳ್ಳನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದಳು. ಅಷ್ಟು ವಿಶ್ವಾಸದಿಂದ ಹೇಳಿದಳು ಅಂದರೆ ಒಂದು ಕ್ಷಣ ನಾನೂ ನಂಬಿದೆ.

ಯಾನ್ ಕೂತ. ಮಾಸ್ತರರು ಬಹಳ ಮೆತ್ತಗೆ ಏನೋ ಹೇಳಿದರು. ರೈತ ಹಾಕಿಲ್ಲವೆಂದರೆ ಅಳತೆಯಲ್ಲೇ ತಪ್ಪಾಗಿರಬೇಕು, ತೂಗಿದವಳು ಆಕೆ, ಮತ್ತೊಮ್ಮೆ ಮಾಡದೆ ಇದು ಅಚ್ಚಿಗೆ ಹೋಗಲಾರದು ಎಂದರಂತೆ. ಆಕೆ "ಥ್ಯಾಂಕ್ಯೂ" ಎಂದು ಹಾಳೆಗಳನ್ನು ಸರಿಮಾಡಿಕೊಂಡು ನನ್ನ ಪಕ್ಕ ಬಂದು ಕೂತಳು.

"ಮೂರ ಸಲ ತೂಗೇನ್ರಿ ಕಾಕಾ," ಅಂದಳು. "ನೀವಽ ಕಂಡೀರಿ."

"ಕಂಡೇನವಾ."

ಆರನೆಯ ದಿನ: ಪೆಟ್ಟಿಗೆ

ಮರುದಿನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟರು. ಪ್ರತಿಯೊಬ್ಬರ ಬರಹದ ಬಗ್ಗೆ ಹೆಸರು ಹಾಕದೆ ಅಭಿಪ್ರಾಯ ಬರೆದು ಹಾಕಬೇಕು. ರೈತರೂ ಬರೆಯಬಹುದು, ತಮ್ಮ ತಮ್ಮ ಭಾಷೆಯಲ್ಲಿ.

ದೇವರು ನನಗೆ ನನ್ನದೇ ಕಸಬಿನಲ್ಲಿ ಒಂದು ದಾರಿ ತೆಗೆದುಕೊಟ್ಟಿದ್ದ. ಮೂಲೆಗೆ ಹೋಗಿ ಕೂತೆ. ಕೈ ತಾನಾಗಿಯೇ ಎಡಗೈ ಆಯಿತು. ಬರೆದೆ:

"ಮಾನ್ಯರೇ, ಸದರಿ ಬರಹ ಉತ್ತಮವಾಗಿದ್ದು, ಸದರಿ ವಿದ್ಯಾರ್ಥಿನಿಯು ಶ್ರಮಪಟ್ಟಿರುತ್ತಾಳೆ. ಆದರೆ ಸದರಿ ರೈತನ ಮಾತನ್ನು ಪೂರ್ತಿ ನಂಬತಕ್ಕದ್ದಲ್ಲ. ಅವನ ಮೇಲೆ ನಿಗಾ ಇಡುವುದು ಅವಶ್ಯ. ಇಂತಿ, ನೊಂದ ಗ್ರಾಮಸ್ಥರು."

ಮಡಚಿ ಪೆಟ್ಟಿಗೆಗೆ ಹಾಕಿ ಹಗುರಾದೆ. ಕಾಲುವೆಯ ದಂಡೆಯವರೆಗೆ ನಡೆದಾಗ ಮಾತ್ರ ನೆನಪಾಯಿತು, ಆ ಊರಿನಲ್ಲಿ, ಬಹುಶಃ ಆ ಇಡೀ ಜಿಲ್ಲೆಯಲ್ಲಿ, ಕನ್ನಡ ಬರೆಯಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬರು ಆಕೆ.

ಸಂಜೆ ಆಕೆ ತನ್ನ ಪಾಲಿನ ಚೀಟಿಗಳನ್ನು ಹಿಡಿದು ದಂಡೆಗೆ ಬಂದಳು. ನಗುತ್ತಿದ್ದಳು. ಹಿಂದಿನ ದಿನದಿಂದ ನಕ್ಕಿರಲಿಲ್ಲ.

"ಕಾಕಾ! ಹಾಲೆಂಡಿನ್ಯಾಗ ನೊಂದ ಗ್ರಾಮಸ್ಥರು ಯಾರ್ರಿ? ಅದೂ ಎಡಗೈಲೇ!" ನಗುವಿನಿಂದ ಕಣ್ಣು ಒರೆಸಿಕೊಂಡಳು. "ಎಷ್ಟ ಸಣ್ಣ ಮಾಡ್ಕೋತೀರಿ ನಿಮ್ಮನ್ನ ನೀವು..."

ಅಲ್ಲಿಗೆ ನಗು ನಿಂತಿತು. ಚೀಟಿಯನ್ನು ಮತ್ತೊಮ್ಮೆ ಓದಿದಳು. ನನ್ನನ್ನು ನೋಡಿದಳು. ನಾನು ನೀರಿನಲ್ಲಿದ್ದ ಬಾತುಕೋಳಿ ನೋಡಿದೆ.

"ಮತ್ತೇನರ ಹೇಳೂದೈತೇನ್ರಿ ಕಾಕಾ?"

"ಏನಿಲ್ಲವಾ. ಚ್ಯಾಷ್ಟಿ ಮಾಡಿದೆ."

ಆಕೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರಿಜಿಸ್ಟರಿನಲ್ಲಿ ಇಟ್ಟಳು. ಉಳಿದ ನಾಲ್ಕು ದಿನ ನನಗೆ ರೊಟ್ಟಿಯ ಮೇಲಿನ ಚಾಕಲೇಟು ಕಹಿಯೆನಿಸಿತು. ಅದರ ಬಗ್ಗೆ ಇಷ್ಟೇ ಸಾಕು. ಹೊರಡುವಾಗ ಮುದುಕಿ ಬಿಸ್ಕಿಟಿನ ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟಳು.

ಚಿಕ್ಕೋಡಿ ಬಸ್ಸು

ಊರಿಗೆ ಬಂದ ವಾರಕ್ಕೆ ಹುಡುಗಿ ತೋಟಕ್ಕೆ ಬಂದಳು. ಆ ನಾಲ್ಕು ಸಾಲಿನಿಂದ ಪರೀಕ್ಷೆಗೆಂದು ನಾಲ್ಕು ಪುಡಿಕೆ ಮಣ್ಣು ತೆಗೆದುಕೊಂಡಳು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದಳು. "ಬರ್ತೀನ್ರಿ ಕಾಕಾ" ಎಂದಳು, ಆಮೇಲೆ ಬರಲಿಲ್ಲ. ಕೇಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಮುಂದಿನ ವರ್ಷ ರಾಯಬಾಗದ ಬೀಗರ ಮನೆಯಿಂದ ಚಿಕ್ಕೋಡಿಗೆ ಹೋಗುತ್ತಿದ್ದೆ. ಬಸ್ಸು ಒಂದು ದ್ರಾಕ್ಷಿ ತೋಟದ ಮುಂದೆ ಎತ್ತುಗಳಿಗೆ ದಾರಿ ಬಿಡಲು ನಿಂತಿತು. ರಸ್ತೆಯ ಮಗ್ಗುಲಿಗೆ ನಾಲ್ಕು ಸಾಲು, ಹಳದಿ, ಬಡಕಲು. ಒಳಗಿನ ನಾಲ್ಕು ಸಾಲು ಕಪ್ಪು ಹಸಿರು. ಮುಂದೆ ಒಂದು ದೊಡ್ಡ ಬೋರ್ಡು. ಕಂಡಕ್ಟರ ಗಟ್ಟಿಯಾಗಿ ಓದಿದ:

"ಈ ನಾಲ್ಕ ಸಾಲಿಗಿ ಬೇಕಂತಽ ಏನೂ ಹಾಕಿಲ್ಲ. ರೈತನ್ನ ನೋಡಿ ನಗಬ್ಯಾಡ್ರಿ!"

ಇಡೀ ಬಸ್ಸು ನಕ್ಕಿತು. "ನಗಬ್ಯಾಡ್ರಿ ಅಂತ ಬೋರ್ಡ ಹಾಕ್ಯಾರಲೇ!" ಎಂದು ಹಿಂದಿನಿಂದ ಯಾರೋ ಮತ್ತೆ ನಗಿಸಿದರು.

ಸಾಲಿನ ಕೊನೆಗೆ ಆಕೆ ನಿಂತಿದ್ದಳು, ಕಂಕುಳಲ್ಲಿ ಅದೇ ರಿಜಿಸ್ಟರು. ನಾನು ಹೇಳದೆಯೇ ಎಲ್ಲ ತಿಳಿದುಕೊಂಡಿದ್ದಳು. ನಾನು ಹಾಕಿದ್ದು ಅಷ್ಟೇ ಅಲ್ಲ, ಯಾಕೆ ಹಾಕಿದೆ ಎಂಬುದೂ. ಬಸ್ಸಿನಿಂದ ಇಳಿಯಲು ಮೂರು ಹೆಜ್ಜೆ ಸಾಕಿತ್ತು. ಟಾವೆಲ್ಲನ್ನು ಮುಖಕ್ಕೆ ಎಳೆದುಕೊಂಡು ನಿದ್ದೆ ಬಂದವನ ಹಾಗೆ ಕೂತೆ.

ಆಕೆಯ ಬರಹ ಎರಡು ವರ್ಷ ತಡವಾಗಿ ಅಚ್ಚಾಯಿತು. ಹಿಂಡಿ ಕೆಲಸ ಮಾಡಿತ್ತು. ಡಾಕ್ಟರಳಾದಳು, ಪಾಠ ಹೇಳುವ ಕೆಲಸ ಸಿಕ್ಕಿತು. ತನ್ನ ವಿದ್ಯಾರ್ಥಿಗಳಿಗೂ ಅಂಥದೇ ಶಿಬಿರ ಮಾಡುತ್ತೇನೆ, ಆಕಳಿಸಲು ನೀವು ಬರಬೇಕು ಎಂದು ಒಂದು ಕಾರ್ಡು ಬರೆದಿದ್ದಳು. ಚಾಟಣಿ ಇದೆ ಎಂದು ಉತ್ತರ ಬರೆದೆ. ಅದು ಮೇ ತಿಂಗಳು. ಬೇಸಗೆಯ ಚಾಟಣಿ ಏಪ್ರಿಲಿನಲ್ಲೇ ಮುಗಿದಿತ್ತು. ದ್ರಾಕ್ಷಿಯ ಮೇಲೆ ಪ್ರಬಂಧ ಬರೆದವಳಿಗೆ ಅದು ಗೊತ್ತಾಗದೇ ಇದ್ದೀತೇ?

ಈಗ ಆ ಗಡ್ಡದ ಮಾಸ್ತರರ ಕ್ರಮದಲ್ಲೇ ಮುಗಿಸುತ್ತೇನೆ. ಚೆನ್ನಾಗಿದ್ದದ್ದು: ತೂಕ ಮೂರು ಸಲವೂ ಸರಿಯಾಗಿತ್ತು, ತೂಗಿದವಳು ಒಂದು ಅಂಕಿಯನ್ನೂ ತಿದ್ದಲಿಲ್ಲ. ತಿಳಿಯದೇ ಉಳಿದದ್ದು: ಆ ಬೋರ್ಡನ್ನು ಆಕೆ ನನಗಾಗಿ ಬರೆದಳೋ, ಮುಂದಿನ ರೈತನಿಗಾಗಿಯೋ. ತಪ್ಪು: ರಸ್ತೆಯ ಮಗ್ಗುಲಿನ ನಾಲ್ಕು ಸಾಲಿಗೆ ಎರಡು ಸಲ, ಬಳ್ಳಿಗೆ ಎರಡೆರಡು ಹಿಡಿ ಸರಕಾರಿ ಗೊಬ್ಬರ ಹಾಕಿದವನು, ಹಾಕಿಲ್ಲವೆಂದು ಆಕೆಯ ಬಾಯಿಂದಲೇ ಹೇಳಿಸಿದವನು ನಾನು, ಬಾಳಗೌಡ. ಇದನ್ನು ಬಲಗೈಯಿಂದ ಬರೆದಿದ್ದೇನೆ. ಕೈ ನಡುಗುತ್ತದೆ, ಅಕ್ಷರ ಎಡಗೈಯದರಂತೆ ಕಂಡರೆ ಅದು ವಯಸ್ಸು.

ಇಷ್ಟು ಹೊತ್ತು "ಹುಡುಗಿ, ಹುಡುಗಿ" ಎಂದು ಬರೆದೆ. ಮೂಕರ್ಜಿ ಬರೆದ ಕೈ, ಹೆಸರು ಬರೆಯಲು ಹಿಂಜರಿಯುತ್ತದೆ. ಆಕೆಗೆ ಹೆಸರಿದೆ. ಭೋಜದ ಸುನಂದಾ ಖೋತ.